ಬೇಸಿಗೆ ರಜೆ ಮುಗಿಸಿ ಬೀರು ತೆಗೆದರೆ ಟ್ಯಾಬ್ ಏಳುತ್ತಿಲ್ಲ!

ಓದುಗರ ಪ್ರಶ್ನೆ, ನಮ್ಮ ಉತ್ತರ: ಪಾಠಕ್ಕೆ ಟ್ಯಾಬ್

ಟ್ಯಾಬ್ ಬಗ್ಗೆ ಪ್ರಶ್ನೆ ಕಳಿಸಿ ಎಂದಾಗ ಆ್ಯಪ್‌ಗಳ ಪಟ್ಟಿ ಕೇಳುವವರೇ ಹೆಚ್ಚಿರಬಹುದು ಅಂದುಕೊಂಡಿದ್ದೆವು. ಬಂದ ಪತ್ರಗಳಲ್ಲಿ ಇದ್ದದ್ದು ಚಾರ್ಜರ್, ಪಾಸ್‌ವರ್ಡ್, ಕೇಬಲ್, ಒತ್ತಕ್ಷರದ ತಾಪತ್ರಯ. ಒಳ್ಳೆಯದೇ ಆಯಿತು. ಶಾಲೆಯಲ್ಲಿ ಟ್ಯಾಬ್ ಮೂಲೆ ಸೇರುವುದು ಹೆಚ್ಚಾಗಿ ಇಂಥವುಗಳಿಂದಲೇ.

ದಾನಿಗಳೊಬ್ಬರು ನಮ್ಮ ಶಾಲೆಗೆ 20 ಟ್ಯಾಬ್ ಕೊಡಿಸಿದ್ದರು. ಏಪ್ರಿಲ್‌ನಲ್ಲಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆವು. ಜೂನ್‌ನಲ್ಲಿ ತೆಗೆದರೆ ಆರು ಆನ್ ಆಗುತ್ತಿಲ್ಲ. ಇನ್ನೊಂದರ ಬೆನ್ನು ಉಬ್ಬಿ ಪರದೆ ಮೇಲೆದ್ದಿದೆ. ಏನು ಮಾಡಬೇಕು?
— ಶಿಕ್ಷಕಿ, ಸಿಂದಗಿ ತಾಲ್ಲೂಕು

ಮೊದಲು ಉಬ್ಬಿದ್ದರ ವಿಚಾರ ಮೇಡಂ. ಅದನ್ನು ಚಾರ್ಜಿಗೆ ಹಾಕಲೇಬೇಡಿ. ಒತ್ತಿ ಕೂರಿಸಲು ಹೋಗಬೇಡಿ, ಸೂಜಿ ಚುಚ್ಚಿ ಗಾಳಿ ಬಿಡುವ ಸಾಹಸವಂತೂ ಬೇಡವೇ ಬೇಡ. ಒಳಗಿರುವುದು ಗಾಳಿಯಲ್ಲ, ಬ್ಯಾಟರಿಯ ದ್ರಾವಣ ಕೆಟ್ಟು ಹುಟ್ಟಿದ ಅನಿಲ. ಬ್ಯಾಟರಿಯ ಹೊರಚೀಲ ಹರಿದರೆ ಬೆಂಕಿ ಹತ್ತಬಹುದು. ಒಣ ಮರಳು ಹಾಕಿದ ಕಬ್ಬಿಣದ ಬಾಣಲೆಯಲ್ಲೋ ಮಣ್ಣಿನ ಕುಂಡದಲ್ಲೋ ಇಟ್ಟು, ಕಾಗದ, ಬಟ್ಟೆ ಹತ್ತಿರವಿಲ್ಲದ ಕಡೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಆದಷ್ಟು ಬೇಗ ಕಂಪನಿಯ ಸರ್ವಿಸ್ ಸೆಂಟರ್‌ಗೋ ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೋ ಒಪ್ಪಿಸಿ.

ಆನ್ ಆಗದ ಆರರಲ್ಲಿ ಕೆಲವು ಬದುಕಬಹುದು. 5 ವೋಲ್ಟ್ 2 ಆಂಪಿಯರ್‌ನ ಒಳ್ಳೆಯ ಚಾರ್ಜರಿಗೆ ಹಾಕಿ ಒಂದು ಗಂಟೆ ಬಿಟ್ಟುಬಿಡಿ. ಐದು ನಿಮಿಷಕ್ಕೊಮ್ಮೆ ಪವರ್ ಗುಂಡಿ ಒತ್ತಿ ನೋಡಿದರೆ ತುಂಬಿದ ಚೂರುಪಾರನ್ನೂ ಅದು ಆನ್ ಆಗುವ ಯತ್ನದಲ್ಲೇ ಕಳೆದುಕೊಳ್ಳುತ್ತದೆ. ಗಂಟೆಯ ನಂತರ ಪವರ್ ಗುಂಡಿಯನ್ನೂ ವಾಲ್ಯೂಮ್ ಇಳಿಸುವ ಗುಂಡಿಯನ್ನೂ ಒಟ್ಟಿಗೆ 20 ಸೆಕೆಂಡ್ ಒತ್ತಿ ಹಿಡಿಯಿರಿ. ಮೂರ್ನಾಲ್ಕು ಗಂಟೆಯಾದರೂ ಪರದೆಯ ಮೇಲೆ ಬ್ಯಾಟರಿ ಚಿತ್ರ ಮೂಡದಿದ್ದರೆ ಸೆಲ್‌ನ ವೋಲ್ಟೇಜ್ ತೀರಾ ಕುಸಿದು ಒಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದಿದೆ ಎಂದು ತಿಳಿಯಿರಿ. ಅಂಥದ್ದಕ್ಕೆ ಹೊಸ ಬ್ಯಾಟರಿಯೇ ಆಗಬೇಕು. "ನೇರ ಕರೆಂಟ್ ಕೊಟ್ಟು ಎಬ್ಬಿಸ್ತೀವಿ" ಎನ್ನುವ ರಿಪೇರಿಯವರು ಸಿಗುತ್ತಾರೆ, ಒಪ್ಪಬೇಡಿ. ಹಾಗೆ ಎದ್ದ ಬ್ಯಾಟರಿ ಮುಂದೆ ಮಕ್ಕಳ ಕೈಯಲ್ಲಿರುವಾಗ ಉಬ್ಬಬಹುದು.

ಹೀಗಾದದ್ದು ಏಕೆ? ಬಹುಶಃ ಪರದೆ ಆರಿಸಿದ್ದೀರಿ, ಟ್ಯಾಬ್ ಆಫ್ ಮಾಡಿರಲಿಲ್ಲ. ಹತ್ತೋ ಹದಿನೈದೋ ಪರ್ಸೆಂಟ್ ಉಳಿದಿದ್ದ ಚಾರ್ಜನ್ನು ಅದು ಒಂದೆರಡು ವಾರದಲ್ಲೇ ತಿಂದು ಮುಗಿಸಿ, ಉಳಿದ ದಿನ ಖಾಲಿ ಹೊಟ್ಟೆಯಲ್ಲಿ ಬಿದ್ದಿತ್ತು. ಜೊತೆಗೆ ನಿಮ್ಮ ಕಡೆಯ ಬೇಸಿಗೆ, ಅದರ ಮೇಲೆ ಕಬ್ಬಿಣದ ಬೀರು. ಹಾಗೆಂದು 100 ತುಂಬಿಸಿ ಇಡುವುದೂ ತಪ್ಪು. ತುಂಬಿದ ಬ್ಯಾಟರಿ ಬಿಸಿಲಿನ ಕಾವಿಗೆ ಇನ್ನೂ ಬೇಗ ಹಾಳಾಗುತ್ತದೆ. ರಜೆಗೆ ಮುಂಚೆ 50ರಿಂದ 60ಕ್ಕೆ ತಂದು, ಪೂರ್ತಿ ಸ್ವಿಚ್ ಆಫ್ ಮಾಡಿ, ಗೋಡೆ ಬಿಸಿಯಾಗದ ಕೋಣೆಯಲ್ಲಿಡಿ. ಆರು ವಾರಕ್ಕೊಮ್ಮೆ ಒಬ್ಬರು ಬಂದು ನೋಡಿದರೆ ಸಾಕು.

ಚಾರ್ಜಿಂಗ್‌ಗೆ ಕರೆಂಟ್ ಸಾಲದು ಎಂದು ಹೆದರುವವರಿಗೆ ಒಂದು ಲೆಕ್ಕ. 7000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 27 ವ್ಯಾಟ್-ಅವರ್. ಇಪ್ಪತ್ತಕ್ಕೆ 540. ನಷ್ಟ ಸೇರಿಸಿದರೂ ಮುಕ್ಕಾಲು ಯೂನಿಟ್ ದಾಟದು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ 200ರಿಂದ 250 ವ್ಯಾಟ್ ಎಳೆಯುತ್ತವೆ. 6 ಆಂಪಿಯರ್‌ನ ಒಂದು ಸಾಕೆಟ್ ಸಾವಿರಕ್ಕೂ ಹೆಚ್ಚು ವ್ಯಾಟ್ ತಾಳುತ್ತದೆ. ಅಪಾಯವಿರುವುದು ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಸಿಕ್ಕಿಸುವುದರಲ್ಲಿ. ಸಡಿಲ ಪಿನ್ ಕಾದು ಪ್ಲಾಸ್ಟಿಕ್ ಕರಗುತ್ತದೆ. ಹತ್ತು ಪೋರ್ಟ್‌ನ ಯುಎಸ್‌ಬಿ ಚಾರ್ಜರ್ ತರುವುದಾದರೆ ಒಟ್ಟು ವ್ಯಾಟ್ ಎಷ್ಟೆಂದು ನೋಡಿ ತನ್ನಿ. 60 ವ್ಯಾಟ್‌ನದ್ದಾದರೆ ಹತ್ತೂ ತುಂಬಿದಾಗ ಒಂದಕ್ಕೆ ಸಿಗುವುದು 6 ವ್ಯಾಟ್ ಮಾತ್ರ, ಬೆಳಗಿನ ಪ್ರಾರ್ಥನೆಗೆ ಹಾಕಿದ್ದು ಕೊನೆಯ ಗಂಟೆಗೆ ತುಂಬುತ್ತದೆ. ಆದರೂ ರಾತ್ರಿ ಯಾರೂ ಇಲ್ಲದಾಗ ಚಾರ್ಜಿಗೆ ಬಿಟ್ಟು ಹೋಗುವುದಕ್ಕಿಂತ ಅದೇ ಮೇಲು.

ಹಿಂದಿನ ಮುಖ್ಯ ಗುರುಗಳು ವರ್ಗವಾಗಿ ಹೋದರು. ಟ್ಯಾಬ್‌ಗಳ ಪಿನ್ ಗೊತ್ತಿಲ್ಲದ್ದರಿಂದ ಗುಂಡಿ ಒತ್ತಿ ರೀಸೆಟ್ ಮಾಡಿದೆವು. ಈಗ ಹಳೆಯ ಗೂಗಲ್ ಖಾತೆ ಕೇಳುತ್ತಿದೆ, ಮುಂದೆ ಹೋಗುತ್ತಿಲ್ಲ.
— ಪ್ರಭಾರ ಮುಖ್ಯ ಶಿಕ್ಷಕರು, ಹೂವಿನಹಡಗಲಿ

ಇದು ಕೆಟ್ಟದ್ದಲ್ಲ ಸರ್, ಕಳ್ಳರಿಗಾಗಿ ಇಟ್ಟ ಬೀಗ. ಆಂಡ್ರಾಯ್ಡ್ 5.1ರಿಂದ ಈ ವ್ಯವಸ್ಥೆ ಇದೆ. ಸೆಟ್ಟಿಂಗ್ಸ್ ಒಳಗೆ ಹೋಗಿ ರೀಸೆಟ್ ಮಾಡದೆ ಹೊರಗಿನ ಗುಂಡಿಗಳಿಂದ ಅಳಿಸಿದರೆ, ಅದರಲ್ಲಿ ಕೊನೆಗೆ ಇದ್ದ ಖಾತೆಯ ಪಾಸ್‌ವರ್ಡ್ ಕೊಟ್ಟಲ್ಲದೆ ತೆರೆಯುವುದಿಲ್ಲ. ಹಳೆಯ ಗುರುಗಳಿಗೆ ಫೋನ್ ಮಾಡಿ, ಸಾಧ್ಯವಾದರೆ ಅವರೇ ಬಂದು ಪಾಸ್‌ವರ್ಡ್ ಹಾಕಲಿ. ಫೋನಿನಲ್ಲಿ ಹೇಳಿಸಿಕೊಂಡರೆ ಕೆಲಸ ಮುಗಿದೊಡನೆ ಅವರು ಅದನ್ನು ಬದಲಿಸಿಕೊಳ್ಳಲಿ. ಅವರು ಈಚೆಗಷ್ಟೇ ಪಾಸ್‌ವರ್ಡ್ ಬದಲಿಸಿದ್ದರೆ ಒಂದೆರಡು ದಿನ ಕಾಯಬೇಕಾಗಬಹುದು. ಅವರೂ ಮರೆತಿದ್ದರೆ ಖರೀದಿ ಬಿಲ್ಲನ್ನೋ ದಾನಪತ್ರವನ್ನೋ ಹಿಡಿದು ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗುವುದೇ ದಾರಿ.

ಮುಂದೆ ಹೀಗಾಗಬಾರದು ಎಂದರೆ ಯಾರ ಸ್ವಂತ ಖಾತೆಯನ್ನೂ ಶಾಲೆಯ ಟ್ಯಾಬ್‌ಗೆ ಹಾಕಬೇಡಿ. ಶಾಲೆಯ ಹೆಸರಿನಲ್ಲೇ ಒಂದು ಖಾತೆ ಮಾಡಿ, ಅದರ ಮರುಪಡೆಯುವ ಫೋನ್ ನಂಬರ್ ಶಾಲೆಯದ್ದೇ ಆಗಿರಲಿ. ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಅಧಿಕಾರ ಹಸ್ತಾಂತರದ ಪಟ್ಟಿಗೆ ಸೇರಿಸಿ. ಬೀರುವಿನ ಕೀಲಿ ಕೈ ಬದಲಾಗುವಾಗ ಲಕೋಟೆಯೂ ಕೈ ಬದಲಾಗಲಿ. ಟ್ಯಾಬ್ ಬೇರೆಯವರಿಗೆ ಕೊಡುವಾಗ ಮೊದಲು ಸೆಟ್ಟಿಂಗ್ಸ್‌ನಲ್ಲಿ ಖಾತೆ ತೆಗೆದು, ಆಮೇಲೆ ಅಲ್ಲಿಂದಲೇ ರೀಸೆಟ್ ಮಾಡಿ.

ನಮ್ಮದು ಶರಾವತಿ ಹಿನ್ನೀರಿನ ಆಚೆಯ ಶಾಲೆ. ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಹತ್ತು ಟ್ಯಾಬ್ ಇವೆ, ಇಂಟರ್ನೆಟ್ ಇಲ್ಲದೆ ಇವುಗಳಿಂದ ಏನಾದರೂ ಉಪಯೋಗವುಂಟೇ?
— ಸಹಶಿಕ್ಷಕರು, ಹೊಸನಗರ ತಾಲ್ಲೂಕು

ಉಂಟು. ನೆಟ್ ಇರುವ ಶಾಲೆಗಿಂತ ನಿಮ್ಮಲ್ಲೇ ಪಾಠ ಚೆನ್ನಾಗಿ ನಡೆದೀತು, ಯೂಟ್ಯೂಬ್ ಕಾಟವಿಲ್ಲ ನೋಡಿ.

ಸುಲಭದ್ದರಿಂದ ಶುರು ಮಾಡೋಣ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳು ತೆರೆಯುವುದು ದೀಕ್ಷಾ ಆ್ಯಪ್‌ನಲ್ಲಿ. ನೀವು ಪೇಟೆಗೆ ಹೋದಾಗ ಒಂದು ಟ್ಯಾಬ್ ಒಯ್ದು ಬೇಕಾದ ಪಾಠಗಳನ್ನು ಇಳಿಸಿಕೊಂಡು ಬಂದರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಸ್ಟೋರಿವೀವರ್ ತಾಣದ ಕನ್ನಡ ಮಕ್ಕಳ ಕಥೆಗಳನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಬಹುದು. ಕೀವಿಕ್ಸ್ ಎಂಬ ಆ್ಯಪ್‌ಗೆ ಕನ್ನಡ ವಿಕಿಪೀಡಿಯ ಇಡಿಯಾಗಿ ಒಂದೇ ಕಡತವಾಗಿ ಸಿಗುತ್ತದೆ.

ಒಂದು ಹೆಜ್ಜೆ ಮುಂದೆ ಹೋಗುವುದಾದರೆ ಶಾಲೆಯೊಳಗೇ ಒಂದು ಪುಟ್ಟ ಸರ್ವರ್, ಅಂದರೆ ಎಲ್ಲ ಟ್ಯಾಬ್‌ಗೂ ಪಾಠ ಹಂಚುವ ಕಂಪ್ಯೂಟರ್. ಬೇಕಾದದ್ದು ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಸಾಧಾರಣ ವೈಫೈ ರೂಟರ್, ಕೊಲಿಬ್ರಿ ಎಂಬ ಉಚಿತ ತಂತ್ರಾಂಶ. ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್‌ನಲ್ಲೂ ಇದು ನಡೆಯುತ್ತದೆ. ಆದರೆ ಕರೆಂಟ್ ಪದೇ ಪದೇ ಹೋಗುವ ಊರಿನಲ್ಲಿ ಅದರ ಮೆಮೊರಿ ಕಾರ್ಡ್ ಕೆಡುತ್ತದೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದರಿಂದ ನಿಮಗೆ ಅದೇ ವಾಸಿ. ನೆಟ್ ಇರುವ ಕಡೆ ಲ್ಯಾಪ್‌ಟಾಪಿಗೆ ಕೊಲಿಬ್ರಿ ಹಾಕಿ ಬೇಕಾದ ಪಾಠಗಳನ್ನು ತುಂಬಿಸಿಕೊಂಡು ಬನ್ನಿ. ಶಾಲೆಯಲ್ಲಿ ರೂಟರಿಗೆ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಸೇರಿಸಿ, ಟ್ಯಾಬ್‌ಗಳನ್ನು ವೈಫೈಗೆ ಹಾಕಿ. ಟ್ಯಾಬ್‌ನ ಬ್ರೌಸರ್‌ನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ (ರೂಟರ್ ಅದಕ್ಕೆ ಕೊಟ್ಟ ಸಂಖ್ಯೆ) ಬರೆದು ಕೊನೆಗೆ :8080 ಸೇರಿಸಿದರೆ ಪಾಠ ತೆರೆಯುತ್ತದೆ. ಉದಾಹರಣೆಗೆ 192.168.1.10:8080.

ಸಿಕ್ಕಿಹಾಕಿಕೊಳ್ಳುವ ಜಾಗಗಳು ಮೂರು. ಇವತ್ತು ತೆರೆದ ವಿಳಾಸ ನಾಳೆ ತೆರೆಯದಿದ್ದರೆ ರೂಟರ್ ಲ್ಯಾಪ್‌ಟಾಪಿಗೆ ಬೇರೆ ವಿಳಾಸ ಕೊಟ್ಟಿದೆ ಎಂದರ್ಥ. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ಮಾಡಿ ಅದನ್ನು ಖಾಯಂ ಮಾಡಿ. ಎರಡನೆಯದು, "ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ" ಎಂದು ಟ್ಯಾಬ್ ತಾನೇ ಸಂಪರ್ಕ ಬಿಡುತ್ತದೆ. ಮೊದಲ ಸಲ ಕೇಳಿದಾಗ "ಆದರೂ ಇರಲಿ" ಎಂದು ಒತ್ತಿ, ಮತ್ತೆ ಕೇಳಬೇಡ ಎಂಬುದಕ್ಕೂ ಗುರುತು ಹಾಕಿ. ಸಿಮ್ ಇದ್ದರೆ ಮೊಬೈಲ್ ಡೇಟಾ ಆಫ್ ಮಾಡಿ. ಮೂರನೆಯದು ಲ್ಯಾಪ್‌ಟಾಪಿನ ಫೈರ್‌ವಾಲ್, ಹೊರಗಿನ ಸಂಪರ್ಕ ತಡೆಯುವ ಕಾವಲು. ಲ್ಯಾಪ್‌ಟಾಪಿನಲ್ಲಿ ತೆರೆಯುವ ಪುಟ ಟ್ಯಾಬ್‌ನಲ್ಲಿ ಮಾತ್ರ ತೆರೆಯದಿದ್ದರೆ ತಕರಾರು ಅಲ್ಲೇ ಇರುತ್ತದೆ, ಕೊಲಿಬ್ರಿಗೆ ಅನುಮತಿ ಕೊಡಿ. ರೂಟರ್ ಬದಲು ಫೋನಿನ ಹಾಟ್‌ಸ್ಪಾಟ್ ಸಾಕೆಂದರೆ, ಅನೇಕ ಫೋನ್‌ಗಳು ಎಂಟು ಹತ್ತು ಸಾಧನಕ್ಕೇ ನಿಲ್ಲುತ್ತವೆ ಎಂಬುದು ನೆನಪಿರಲಿ.

ಏಳನೇ ತರಗತಿಯಲ್ಲಿ 36 ಮಕ್ಕಳು, ಇರುವುದು 12 ಟ್ಯಾಬ್. ವಿಡಿಯೊ ತೋರಿಸಿದರೆ ಹಿಂದೆ ಕೂತವರು ಗಲಾಟೆ. ಇದನ್ನು ಪಾಠಕ್ಕೆ ಹೇಗೆ ಬಳಸಬೇಕು?
— ವಿಜ್ಞಾನ ಶಿಕ್ಷಕಿ, ಚನ್ನರಾಯಪಟ್ಟಣ

ಹನ್ನೆರಡು ಕಡಿಮೆಯೇನಲ್ಲ ಮೇಡಂ, ಮೂವರಿಗೆ ಒಂದು. ವಿಡಿಯೊ ತೋರಿಸುವುದಕ್ಕೆ ಟ್ಯಾಬ್ ಬೇಕಿಲ್ಲ, ಒಂದು ಟಿವಿ ಸಾಕು. ಟ್ಯಾಬ್‌ನಲ್ಲಿ ನಿಜಕ್ಕೂ ಬೆಲೆಬಾಳುವ ಭಾಗ ಅದರ ಕ್ಯಾಮೆರಾ. ಮಕ್ಕಳಿಂದ ಮಾಡಿಸಿ, ಮಾಡಿದ್ದನ್ನು ಅವರೇ ಮತ್ತೆ ನೋಡುವಂತೆ ಮಾಡಿ.

ಲೋಲಕದ ಪಾಠವನ್ನೇ ತೆಗೆದುಕೊಳ್ಳಿ. ಒಂದು ಗುಂಪಿಗೆ ಬೇಕಾದದ್ದು ದಾರ, ತೂತಿರುವ ಒಂದು ಕಲ್ಲು ಅಥವಾ ದೊಡ್ಡ ನಟ್ಟು, ಅಳತೆಪಟ್ಟಿ, ಟ್ಯಾಬ್. ಬೆಂಚಿನ ಅಂಚಿಗೆ ದಾರ ಕಟ್ಟಿ ನಟ್ಟನ್ನು ಇಳಿಬಿಡಿ. ಕಟ್ಟಿದ ಜಾಗದಿಂದ ನಟ್ಟಿನ ನಡುವಿನವರೆಗೆ 25 ಸೆಂಟಿಮೀಟರ್ ಇರಲಿ. ಒಬ್ಬರು ಲೋಲಕ ಬಿಡುವವರು, ಒಬ್ಬರು ಟ್ಯಾಬ್ ಅಲುಗಾಡದಂತೆ ಪುಸ್ತಕಗಳಿಗೆ ಒರಗಿಸಿ ವಿಡಿಯೊ ಹಿಡಿಯುವವರು, ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆಯುವವರು. ಇಪ್ಪತ್ತು ಆಂದೋಲನ (ಹೋಗಿ ಮರಳಿದರೆ ಒಂದು) ಆಗುವವರೆಗೆ ಹಿಡಿಯಲಿ. ಆಮೇಲೆ ವಿಡಿಯೊ ಓಡಿಸಿ ಕೆಳಗಿನ ಸಮಯ ನೋಡಿ ಎಣಿಸಲಿ. 20 ಸೆಕೆಂಡ್‌ನ ಆಸುಪಾಸು ಬರಬೇಕು, ಅಂದರೆ ಒಂದಕ್ಕೆ ಒಂದು ಸೆಕೆಂಡ್. ದಾರವನ್ನು ಒಂದು ಮೀಟರ್ ಮಾಡಿದರೆ ಇಪ್ಪತ್ತಕ್ಕೆ 40 ಸೆಕೆಂಡ್. ಉದ್ದ ನಾಲ್ಕು ಪಟ್ಟಾದರೂ ಕಾಲ ಎರಡೇ ಪಟ್ಟು! ಏಕೆ ಎಂದು ಮಕ್ಕಳೇ ಕೇಳುತ್ತಾರೆ, ನೀವು ಕೇಳಬೇಕಿಲ್ಲ. ಒಂದು ಮೀಟರಿನದ್ದನ್ನು ಕಿಟಕಿ ಸರಳಿಗೆ ಕಟ್ಟಬೇಕಾದೀತು, ಬೆಂಚಿನ ಎತ್ತರ ಸಾಲದು.

ಕೆಲವು ಗುಂಪಿಗೆ 19 ಬರುತ್ತದೆ. ಬಿಟ್ಟ ಕೂಡಲೇ "ಒಂದು" ಎಂದು ಎಣಿಸಿರುತ್ತಾರೆ, ಅದು "ಸೊನ್ನೆ" ಆಗಬೇಕಿತ್ತು. ಕೆಲವರು ದಾರವನ್ನು ಗಂಟಿನವರೆಗೆ ಮಾತ್ರ ಅಳೆದಿರುತ್ತಾರೆ, ಅವರ ಕಾಲ ಸ್ವಲ್ಪ ಹೆಚ್ಚು ಬರುತ್ತದೆ. ಇನ್ನು ಕೆಲವರು ಉಯ್ಯಾಲೆಯಂತೆ ಜೋರಾಗಿ ತೂಗಿ ಬಿಟ್ಟು ಲೋಲಕ ವೃತ್ತಾಕಾರ ಸುತ್ತತೊಡಗಿರುತ್ತದೆ. ಸ್ಟಾಪ್‌ವಾಚ್ ಹಿಡಿದರೆ ಇವೆಲ್ಲ ಮಾಯವಾಗಿ ತಪ್ಪು ಉತ್ತರವೊಂದೇ ಉಳಿಯುತ್ತದೆ. ವಿಡಿಯೊದಲ್ಲಿ ತಪ್ಪೂ ಉಳಿದಿರುತ್ತದೆ. 19 ಬಂದ ಗುಂಪಿಗೆ ನೀವು ಏನೂ ಹೇಳಬೇಡಿ, "ಇನ್ನೊಮ್ಮೆ ಓಡಿಸಿ ಎಣಿಸ್ರಪ್ಪಾ" ಎಂದಷ್ಟೇ ಅನ್ನಿ.

40 ನಿಮಿಷದ ಪಿರಿಯಡ್‌ನಲ್ಲಿ ಹಂಚಲು 5, ಮರಳಿ ಇಸಿದುಕೊಳ್ಳಲು 5 ನಿಮಿಷ ಹೋಗುತ್ತವೆ. ಟ್ಯಾಬ್‌ಗೆ ಬಣ್ಣದ ಪೇಂಟ್‌ನಲ್ಲಿ 1ರಿಂದ 12 ಸಂಖ್ಯೆ ಬರೆದು, ಗುಂಪಿಗೂ ಅದೇ ಸಂಖ್ಯೆ ಖಾಯಂ ಕೊಟ್ಟರೆ ಇದು ಅರ್ಧಕ್ಕಿಳಿಯುತ್ತದೆ. ಗೀರು ಬಿದ್ದರೆ ಯಾರ ಕಾಲದಲ್ಲಿ ಬಿತ್ತು ಎಂಬ ಜಗಳವೂ ಇಲ್ಲ. ಮಕ್ಕಳು ಕ್ಯಾಮೆರಾ ಬಿಟ್ಟು ಬೇರೆಲ್ಲೋ ಹೋಗುತ್ತಾರೆಂದರೆ ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ಪಿನ್ನಿಂಗ್, ಐಪ್ಯಾಡ್‌ನಲ್ಲಿ ಗೈಡೆಡ್ ಆ್ಯಕ್ಸೆಸ್ ಎಂಬುದಿದೆ. ಒಂದೇ ಆ್ಯಪ್‌ಗೆ ಕಟ್ಟಿಹಾಕುತ್ತದೆ. ಪಿನ್ನಿಂಗ್‌ನಿಂದ ಹೊರಬರಲು ಪಿನ್ ಕೇಳುವಂತೆ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಎರಡನೇ ದಿನವೇ ಮಕ್ಕಳು ಕಂಡುಹಿಡಿದಿರುತ್ತಾರೆ.

ಟ್ಯಾಬ್‌ನಿಂದ ಪ್ರೊಜೆಕ್ಟರಿಗೆಂದು ಟೈಪ್-ಸಿಯಿಂದ ಎಚ್‌ಡಿಎಂಐ ಅಡಾಪ್ಟರ್ ಕೊಂಡೆ. ಏನೂ ಬರುತ್ತಿಲ್ಲ. ಅಡಾಪ್ಟರ್ ಕೆಟ್ಟಿದೆಯೇ?
— ಪಿಯು ಉಪನ್ಯಾಸಕರು, ಗೋಕಾಕ

ಬಹುಶಃ ಅಡಾಪ್ಟರಿನ ತಪ್ಪಲ್ಲ. ಟೈಪ್-ಸಿ ಎಂದರೆ ತೂತಿನ ಆಕಾರ ಅಷ್ಟೇ, ಒಳಗೆ ಏನು ಹರಿಯುತ್ತದೆ ಎಂಬುದು ಬೇರೆ. ಕಡಿಮೆ ಬೆಲೆಯ ಟ್ಯಾಬ್‌ಗಳ ಟೈಪ್-ಸಿ ಬರೀ ಯುಎಸ್‌ಬಿ 2.0 ಆಗಿರುತ್ತದೆ, ಅದರಿಂದ ಚಿತ್ರ ಹೊರಬರುವುದಿಲ್ಲ. ವಿವರಪಟ್ಟಿಯಲ್ಲಿ ಡಿಸ್‌ಪ್ಲೇಪೋರ್ಟ್ ಎಂಬ ಪದವಿದ್ದರೆ ಮಾತ್ರ ಈ ಅಡಾಪ್ಟರ್ ಕೆಲಸ ಮಾಡುತ್ತದೆ. ಅಡಾಪ್ಟರನ್ನು ಅಂಗಡಿಗೆ ಹಿಂತಿರುಗಿಸಿ, ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಹಾಕಿ, ಲ್ಯಾಪ್‌ಟಾಪಿಗೆ ಚಾರ್ಜಿಂಗ್ ಕೇಬಲ್‌ನಿಂದ ಟ್ಯಾಬ್ ಸೇರಿಸಿ. ಸ್ಕ್ರೀನ್‌ಕಾಪಿ ಎಂಬ ಉಚಿತ ತಂತ್ರಾಂಶ ಟ್ಯಾಬ್‌ನ ಪರದೆಯನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುತ್ತದೆ, ವೈಫೈ ಬೇಡ. ಹುಡುಕುವಾಗ ಅದರ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಎಸ್, ಸಿ, ಆರ್, ಸಿ, ಪಿ, ವೈ ಎಂಬ ಆರೇ ಅಕ್ಷರ. ಟ್ಯಾಬ್‌ನಲ್ಲಿ ಡೆವಲಪರ್ ಆಪ್ಷನ್ಸ್ ತೆರೆದು ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಬೇಕು, ಪಾಠ ಮುಗಿದ ಮೇಲೆ ಆಫ್ ಮಾಡಬೇಕು. ಕೇಬಲ್ ಡೇಟಾ ಸಾಗಿಸುವಂಥದ್ದಾಗಿರಲಿ, ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಬಿಟ್ಟರೆ ಬೇರೇನೂ ಇರುವುದಿಲ್ಲ.

ಹಳೆಯ ನುಡಿ ತಂತ್ರಾಂಶದ ಕಡತಗಳು ಟ್ಯಾಬ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಇನ್ನೊಂದು, ರ‍್ಯಾಂಕ್ ಎಂದು ಬರೆಯಲು ಹೋದರೆ ರ್ಯಾಂಕ್ ಆಗುತ್ತದೆ.
— ಕನ್ನಡ ಶಿಕ್ಷಕರು, ಸುಳ್ಯ

ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಚೂರುಗಳೇ ಕಾಣುತ್ತವೆ. ಟ್ಯಾಬ್‌ಗೆ ಫಾಂಟ್ ಹಾಕಲು ಹೆಣಗಬೇಡಿ. ಕಂಪ್ಯೂಟರ್‌ನಲ್ಲಿ ಪರಿವರ್ತಕ ಬಳಸಿ ಯುನಿಕೋಡ್ (ಎಲ್ಲ ಸಾಧನಗಳಿಗೂ ತಿಳಿಯುವ ಅಕ್ಷರ ಸಂಕೇತ) ಮಾಡಿಯೇ ಟ್ಯಾಬ್‌ಗೆ ಕಳಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘ ಮೂರನ್ನೂ ಒಮ್ಮೆ ಕಣ್ಣಾಡಿಸಿ, ಎಡವಟ್ಟಾಗುವುದು ಅಲ್ಲೇ.

ರ‍್ಯಾಂಕ್ ವಿಷಯ: ರ, ಹಲಂತ, ಯ ಒಟ್ಟಾದರೆ ಯುನಿಕೋಡ್ ನಿಯಮದಂತೆ ಅರ್ಕಾವತ್ತೇ ಬರಬೇಕು. ಸೂರ್ಯ, ಕಾರ್ಯ ಸರಿಯಾಗಿ ಮೂಡುವುದು ಅದರಿಂದಲೇ. ಪೂರ್ಣ ರಕಾರದ ಕೆಳಗೆ ಯ ಒತ್ತು ಬೇಕಾದರೆ ರ ಮತ್ತು ಹಲಂತದ ನಡುವೆ ಜೆಡ್‌ಡಬ್ಲ್ಯುಜೆ ಎಂಬ ಕಣ್ಣಿಗೆ ಕಾಣದ ಸಂಕೇತ ಇರಬೇಕು. ನಿಮ್ಮ ಕೀಲಿಮಣೆಯಲ್ಲಿ ಅದರ ಕೀಲಿ ಸಿಗದಿದ್ದರೆ ಸರಿಯಾಗಿ ಬರೆದ ಕಡೆಯಿಂದ ರ‍್ಯಾಂಕ್, ರ‍್ಯಾಲಿ ಎಂಬ ಪದಗಳನ್ನು ನಕಲು ಮಾಡಿ ಕೀಲಿಮಣೆಯ ವೈಯಕ್ತಿಕ ನಿಘಂಟಿಗೆ ಸೇರಿಸಿ, ಚಿಕ್ಕ ಸಂಕೇತ ಕೊಟ್ಟುಕೊಳ್ಳಿ. ಮಕ್ಕಳಿಗೆ ಇದನ್ನು ಕಲಿಸುವ ಅವಸರವೇನಿಲ್ಲ.

ಒಂದನೇ ತರಗತಿಯ ಮಗಳಿಗೆ ಟ್ಯಾಬ್‌ನಲ್ಲೇ ಅಕ್ಷರ ತಿದ್ದಿಸಬಹುದೇ? ಯಾವ ಪೆನ್ ಕೊಳ್ಳಲಿ? ದಿನಕ್ಕೆ ಎಷ್ಟು ಹೊತ್ತು?
— ತಾಯಿ, ಬೆಂಗಳೂರು

ತಿದ್ದುವುದಕ್ಕೆ ಸ್ಲೇಟು, ಮರಳು, ಪೆನ್ಸಿಲ್ ಇರಲಮ್ಮಾ. ಗಾಜಿನ ಮೇಲೆ ತುದಿ ಜಾರುತ್ತದೆ, ಬೆರಳಿಗೆ ಒತ್ತಡದ ಅಳತೆ ಸಿಗುವುದಿಲ್ಲ. ರಬ್ಬರ್ ತುದಿಯ ಅಗ್ಗದ ಪೆನ್ ಎಂದರೆ ಬೆರಳಿನ ಬದಲಿ ಅಷ್ಟೇ. ಅದರಲ್ಲಿ "ಷ್ಟ್ರ" ಬರೆಯಿಸಿ ನೋಡಿ, ಒತ್ತುಗಳೆಲ್ಲ ಕೂಡಿಕೊಂಡು ಮುದ್ದೆಯಾಗುತ್ತವೆ. ಅಂಗೈ ಪರದೆಗೆ ತಾಗಿದರೆ ಗೆರೆ ಎಲ್ಲೋ ಹಾರುತ್ತದೆ. ಸಣ್ಣ ತುದಿಯ, ಅಂಗೈ ತಾಗಿದರೂ ಸರಿಯಾಗಿ ಬರೆಯುವ ಪೆನ್‌ಗಳು ತಮಗೆ ಹೊಂದುವ ಟ್ಯಾಬ್‌ಗಳಲ್ಲಿ ಮಾತ್ರ ನಡೆಯುತ್ತವೆ. ಇರುವ ಟ್ಯಾಬ್‌ನ ಮಾದರಿ ಪೆನ್ನಿನ ಪಟ್ಟಿಯಲ್ಲಿದೆಯೇ ನೋಡದೆ ಹಣ ಹಾಕಬೇಡಿ. ಟ್ಯಾಬ್ ಬೇಕೇ ಬೇಕೆಂದರೆ ಮಗಳು ಕಥೆ ಓದಿದ್ದನ್ನು ರೆಕಾರ್ಡ್ ಮಾಡಿ ಅವಳಿಗೇ ಕೇಳಿಸಿ.

ಹೊತ್ತಿನ ಬಗ್ಗೆ: 2020ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪ್ರಜ್ಞಾತಾ ಮಾರ್ಗಸೂಚಿ ಆನ್‌ಲೈನ್ ಪಾಠಕ್ಕೆ ಪೂರ್ವ ಪ್ರಾಥಮಿಕಕ್ಕೆ ದಿನಕ್ಕೆ 30 ನಿಮಿಷ, 1ರಿಂದ 8ನೇ ತರಗತಿಗೆ 30ರಿಂದ 45 ನಿಮಿಷದ ಎರಡು ಅವಧಿ ಮೀರಬಾರದು ಎಂದಿತ್ತು. ಅದು ಮೇಲ್ಮಿತಿ, ಅಷ್ಟು ಕೊಡಲೇಬೇಕೆಂದೇನಿಲ್ಲ.

ನನ್ನ ವಿದ್ಯಾರ್ಥಿನಿಗೆ ಕಣ್ಣು ಕಾಣುವುದಿಲ್ಲ, ಒಂಬತ್ತನೇ ತರಗತಿ. ಟ್ಯಾಬ್ ಪಿಡಿಎಫ್ ಪಾಠವನ್ನು ಓದಿ ಹೇಳುತ್ತಿಲ್ಲ.
— ಶಿಕ್ಷಕಿ, ಕಲಬುರಗಿ

ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ, ಧ್ವನಿಯ ಭಾಷೆ ಕನ್ನಡ ಆಯ್ದು ಆ ಧ್ವನಿಯನ್ನು ಇಳಿಸಿಕೊಳ್ಳಿ. ಆಮೇಲೆ ಒಂದು ಬೆರಳಿನಲ್ಲಿ ಬಲಕ್ಕೆ ಸವರಿದರೆ ಮುಂದಿನದ್ದು, ಎರಡು ಸಲ ತಟ್ಟಿದರೆ ತೆರೆಯುವುದು, ಪುಟ ಸರಿಸಲು ಎರಡು ಬೆರಳು. ಆನ್ ಮಾಡುವ ಮುಂಚೆಯೇ ಆಫ್ ಮಾಡುವುದನ್ನು ಕಲಿತಿರಿ, ಅನೇಕರು ಅಲ್ಲೇ ಗಾಬರಿಯಾಗುತ್ತಾರೆ. ಹೆಚ್ಚಿನ ಟ್ಯಾಬ್‌ಗಳಲ್ಲಿ ಎರಡೂ ವಾಲ್ಯೂಮ್ ಗುಂಡಿಗಳನ್ನು ಮೂರು ಸೆಕೆಂಡ್ ಒಟ್ಟಿಗೆ ಒತ್ತುವಂತೆ ಹೊಂದಿಸಿಕೊಳ್ಳಬಹುದು.

ಪಿಡಿಎಫ್ ಓದದಿರಲು ಎರಡು ಕಾರಣ ಇರಬಹುದು. ಪುಟಗಳು ಬರೀ ಫೋಟೊ ಆಗಿದ್ದರೆ ಅದು ಮೌನ. ಹಳೆಯ ಫಾಂಟ್‌ನಲ್ಲಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಒದರುತ್ತದೆ, ಸುಳ್ಯದ ಮೇಷ್ಟ್ರು ಕಂಡ ಕಲಸುಮೇಲೋಗರವೇ ಇದು. ಎರಡಕ್ಕೂ ಉಪಾಯ ಒಂದೇ. ಪುಟದ ಸ್ಪಷ್ಟ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರ್‌ನಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬಂದಿರುತ್ತದೆ. ಎರಡು ಕಾಲಂ ಇರುವ ಪುಟವಾದರೆ ಸಾಲುಗಳು ಬೆರೆಯುತ್ತವೆ, ಒಂದೊಂದೇ ಕಾಲಂ ಕತ್ತರಿಸಿ ಹಾಕಿ. ಗಣಿತದ ಸೂತ್ರಗಳು ಕೈಕೊಡುತ್ತವೆ, ಅವನ್ನು ಮಾತಿನಲ್ಲಿ ಬಿಡಿಸಿ ನೀವೇ ಟೈಪ್ ಮಾಡಬೇಕು: "ಎಕ್ಸ್ ವರ್ಗ ಕೂಡಿಸು ಎರಡು ಎಕ್ಸ್" ಎಂಬಂತೆ. ತಿದ್ದಿದ ಪಾಠವನ್ನು ಅವಳ ಟ್ಯಾಬ್‌ಗೆ ಕಳಿಸುವಾಗ ತಯಾರಾದ ತಾರೀಖಲ್ಲ, ಪಾಠದ ಹೆಸರನ್ನೇ ಕಡತಕ್ಕಿಡಿ. ಪಟ್ಟಿಯಲ್ಲಿ ಅವಳು ಕೇಳಿ ಗುರುತಿಸುವುದು ಆ ಹೆಸರಿನಿಂದಲೇ.